ಓಡುವಾಗ ತಂಪು, ನಿಂತಾಗ ಬಿಸಿ: ಕಾರಿನ ಎಸಿಗೆ ಮತ್ತೆ ಗ್ಯಾಸ್ ತುಂಬಿಸುವ ಮೊದಲು

ಪ್ರಶ್ನೆ: ನಮ್ಮದು 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಕೆಲಸಕ್ಕೆ ದಿನಾ ಕಲಬುರಗಿಯಿಂದ ಸೇಡಂಗೆ ಹೋಗಿಬರುತ್ತೇನೆ. ರಸ್ತೆಯಲ್ಲಿ ಓಡುವಾಗ ಎಸಿ ಪರವಾಗಿಲ್ಲ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ. ಹೋದ ವರ್ಷ ಏಪ್ರಿಲ್‌ನಲ್ಲಿ ಗ್ಯಾಸ್ ತುಂಬಿಸಿದ್ದೆ. ಈ ಮಾರ್ಚ್‌ನಲ್ಲಿ ಮತ್ತೆ ತುಂಬಿಸಿದೆ. ಆದರೂ ನಿಂತಾಗ ಬಿಸಿ ಗಾಳಿ ಬರುವುದು ತಪ್ಪಲಿಲ್ಲ. ಈಗ ಗ್ಯಾರೇಜ್‌ನವರು ಕಂಪ್ರೆಸರ್ ವೀಕ್ ಆಗಿದೆ, ಬದಲಿಸಬೇಕು, 24 ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ. ಬದಲಿಸಲಾ? ಇನ್ನೊಂದು ವಿಷಯ. ಚಳಿಗಾಲದಲ್ಲಿ ನಾನು ಎಸಿ ಬಟನ್ ಮುಟ್ಟುವುದೇ ಇಲ್ಲ. ಅದರಿಂದ ಏನಾದರೂ ತೊಂದರೆ ಆಗಿರಬಹುದಾ?

ಉತ್ತರ: ಕಂಪ್ರೆಸರ್ ಸದ್ಯಕ್ಕೆ ಬೇಡ. 24 ಸಾವಿರ ಕೊಡುವ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ. ಅದರಲ್ಲಿ ಅರ್ಧವನ್ನು ನೀವೇ ಮನೆ ಮುಂದೆ ನಿಂತು, ಒಂದು ರೂಪಾಯಿ ಖರ್ಚಿಲ್ಲದೆ ನೋಡಬಹುದು.

ಎಸಿ ರಿಪೇರಿಗೆ ಬರುವವರು ಸಾಮಾನ್ಯವಾಗಿ "ಕೂಲಿಂಗ್ ಇಲ್ಲ" ಅಂತ ಎರಡೇ ಮಾತು ಹೇಳುತ್ತಾರೆ. ಯಾವಾಗ ಇಲ್ಲ, ಎಷ್ಟು ಹೊತ್ತಿನ ಮೇಲೆ ಇಲ್ಲ, ನಿಂತಾಗಲಾ ಓಡುವಾಗಲಾ ಅಂತ ನಾವೇ ಕೇಳಿ ಕೇಳಿ ಬಾಯಿ ಬಿಡಿಸಬೇಕು. ನೀವು ಅದನ್ನು ಮೊದಲೇ ಬರೆದಿದ್ದೀರಿ. ಕಾರಿನ ಎಸಿಯಲ್ಲಿ ತೊಂದರೆ ಯಾವಾಗ ಕಾಣಿಸಿಕೊಳ್ಳುತ್ತದೆ ಅನ್ನುವುದೇ ಅದು ಎಲ್ಲಿದೆ ಅನ್ನುವುದನ್ನು ಮುಕ್ಕಾಲು ಪಾಲು ಹೇಳಿಬಿಡುತ್ತದೆ.

ಎಸಿ ಮಾಡುವ ಕೆಲಸ ಇಷ್ಟೇ: ಕ್ಯಾಬಿನ್ ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುವುದು. ಎತ್ತುವುದು ಡ್ಯಾಶ್‌ಬೋರ್ಡ್ ಒಳಗಿರುವ ಕೂಲಿಂಗ್ ಕಾಯಿಲ್. ಹೊರಗೆ ಹಾಕುವುದು ಗ್ರಿಲ್ ಹಿಂದೆ, ರೇಡಿಯೇಟರ್ ಮುಂದೆ ನಿಂತಿರುವ ಕಂಡೆನ್ಸರ್. ಇವೆರಡರ ನಡುವೆ ಗ್ಯಾಸ್ ಸುತ್ತುತ್ತಿರುತ್ತದೆ. ಅದನ್ನು ಒತ್ತಿ ತಳ್ಳುವುದು ಕಂಪ್ರೆಸರ್. ಒತ್ತಿದಾಗ ಗ್ಯಾಸ್ ಬಿಸಿಯಾಗುತ್ತದೆ. ಬೇಕಂತಲೇ ಹೊರಗಿನ ಗಾಳಿಗಿಂತ ಜಾಸ್ತಿ ಬಿಸಿ ಮಾಡುತ್ತಾರೆ, ಇಲ್ಲದಿದ್ದರೆ ಅದು ಹೊರಗಿನ ಗಾಳಿಗೆ ಬಿಸಿ ಬಿಟ್ಟುಕೊಡುವುದಾದರೂ ಹೇಗೆ? ಕಂಡೆನ್ಸರ್ ಒಳಗೆ 60 ಡಿಗ್ರಿ ದಾಟಿದ ಗ್ಯಾಸ್, ಹೊರಗೆ ಕಲಬುರಗಿಯ ಏಪ್ರಿಲ್ ತಿಂಗಳ 42 ಡಿಗ್ರಿ ಗಾಳಿ. ನಡುವೆ ಇರುವ ವ್ಯತ್ಯಾಸ ಇಪ್ಪತ್ತೇ ಡಿಗ್ರಿ. ಬೆಂಗಳೂರಿನ 30 ಡಿಗ್ರಿಯಲ್ಲಿ ಹೇಗೋ ತಳ್ಳಿಕೊಂಡು ಹೋಗುವ ಎಸಿ ನಿಮ್ಮೂರಿನಲ್ಲಿ ಕೈ ಎತ್ತುವುದು ಇದಕ್ಕೇ.

ಕಾರು ಓಡುವಾಗ ಕಂಡೆನ್ಸರ್‌ಗೆ ಗಾಳಿ ತಾನಾಗಿಯೇ ಬಡಿಯುತ್ತದೆ. ನಿಂತಾಗ ಗಾಳಿ ಎಳೆಯಲು ಇರುವುದು ಫ್ಯಾನ್ ಒಂದೇ. ಓಡುವಾಗ ತಂಪು, ನಿಂತಾಗ ಬಿಸಿ ಅಂದಕೂಡಲೇ ನನ್ನ ಕಣ್ಣು ಮೊದಲು ಹೋಗುವುದು ಆ ಫ್ಯಾನ್ ಮೇಲೆ. ಆಮೇಲೆ ಕಂಡೆನ್ಸರ್‌ನ ಕೊಳೆ ಮೇಲೆ. ಕಂಪ್ರೆಸರ್ ಸರದಿ ಬರುವುದು ಎಷ್ಟೋ ಆದಮೇಲೆ.

ನಾಳೆ ಬಿಸಿಲೇರಿದ ಮೇಲೆ ಹೀಗೆ ಮಾಡಿ. ಬಯಲಲ್ಲಿ, ಗಾಳಿಯಾಡುವ ಕಡೆ ಕಾರು ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಲ್ಲಬೇಡಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಎಸಿ ಆನ್, ಬ್ಲೋವರ್ ಫುಲ್, ಒಳಗಿನ ಗಾಳಿಯೇ ಸುತ್ತುವ ರಿಸರ್ಕ್ಯುಲೇಷನ್ ಬಟನ್ ಆನ್. ಬಾನೆಟ್ ಎತ್ತಿ ಫ್ಯಾನ್ ನೋಡಿ. ಎಸಿ ಹಾಕಿದ ಸ್ವಲ್ಪ ಹೊತ್ತಿಗೇ ಅದು ತಿರುಗಬೇಕು. ಕೆಲವು ಕಾರುಗಳಲ್ಲಿ ಒಳಗಿನ ಒತ್ತಡ ಏರಿದ ಮೇಲೆ ಶುರುವಾಗುತ್ತದೆ, ಹಾಗಾಗಿ ಒಂದೆರಡು ನಿಮಿಷ ಕಾಯಿರಿ. ಕೈ, ದುಪಟ್ಟಾ, ಟವೆಲ್ ಯಾವುದನ್ನೂ ಹತ್ತಿರ ಒಯ್ಯಬೇಡಿ. ನಿಂತಿರುವ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು.

ತಿರುಗಿದರೆ ಸಾಲದು, ಸರಿಯಾಗಿ ಎಳೆಯಬೇಕು. ಇದಕ್ಕೆ ಒಂದು ಹಾಳೆ ಸಾಕು. ದಿನಪತ್ರಿಕೆಯ ಒಂದು ಪುಟವನ್ನು ಗ್ರಿಲ್ ಮುಂದೆ ಹಿಡಿದು ಬಿಡಿ. ಹಾಳೆ ಗ್ರಿಲ್‌ಗೆ ಹೋಗಿ ಅಂಟಿ ಅಲ್ಲೇ ನಿಲ್ಲಬೇಕು. ಪಟಪಟ ಅಂದು ಜಾರಿ ಕೆಳಗೆ ಬಿದ್ದರೆ ಫ್ಯಾನ್ ತಿರುಗುತ್ತಿದೆ, ಆದರೆ ಗಾಳಿ ಎಳೆಯುತ್ತಿಲ್ಲ. ಮೋಟರ್ ಒಳಗಿನ ಕಾರ್ಬನ್ ಸವೆದಿರಬಹುದು. ಎರಡು ಸ್ಪೀಡ್ ಇರುವ ಫ್ಯಾನ್ ಆದರೆ ಒಂದು ಸ್ಪೀಡ್ ಸತ್ತಿರಬಹುದು. ರಿಲೇಯಲ್ಲೋ ಕನೆಕ್ಟರ್‌ನಲ್ಲೋ ಸುಟ್ಟು ಕರೆಂಟ್ ಸರಿಯಾಗಿ ಹೋಗದೆ ಇರಬಹುದು. ಹಾಳೆಯನ್ನು ಫ್ಯಾನ್ ಹೊರಗೆ ತಳ್ಳಿದರಂತೂ ಮಜಾ: ಯಾರೋ ಫ್ಯಾನ್ ಮೋಟರ್ ಬದಲಿಸಿ ವೈರ್ ಉಲ್ಟಾ ಕೊಟ್ಟಿದ್ದಾರೆ. ನಗಬೇಡಿ, ಇದು ನಡೆಯುತ್ತದೆ. ಫ್ಯಾನ್ ತಿರುಗುವುದು ಕಣ್ಣಿಗೆ ಕಾಣುತ್ತದೆ ಅಲ್ವಾ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಓಡುವಾಗ ಬರುವ ಗಾಳಿಯನ್ನೂ ಅದು ಎದುರಿನಿಂದ ತಡೆಯುತ್ತಿರುತ್ತದೆ.

ಫ್ಯಾನ್ ತಿರುಗದೆ ಇದ್ದರೆ ಎಸಿ ಚಿಂತೆ ಆಮೇಲೆ ಮಾಡಿ, ಮೊದಲು ಎಂಜಿನ್ ಚಿಂತೆ ಮಾಡಿ. ಸಣ್ಣ ಕಾರುಗಳಲ್ಲಿ ರೇಡಿಯೇಟರ್‌ಗೂ ಕಂಡೆನ್ಸರ್‌ಗೂ ಎಷ್ಟೋ ಸಲ ಒಂದೇ ಫ್ಯಾನ್. ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತಿದೆಯಾ ನೋಡಿ. ಏರುತ್ತಿದ್ದರೆ ಎಸಿ ಆಫ್ ಮಾಡಿ, ಕಾರು ಪಕ್ಕಕ್ಕೆ ಹಾಕಿ. ಎಂಜಿನ್ ಜಾಸ್ತಿ ಬಿಸಿಯಾದರೆ ಈಗಿನ ಕಾರುಗಳ ಇಸಿಯು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ತಾನೇ ಕಂಪ್ರೆಸರ್ ಬಂದ್ ಮಾಡಿಬಿಡುತ್ತದೆ. ಆಗಲೂ ನಿಮಗೆ ಗೊತ್ತಾಗುವುದು "ಎಸಿ ಬಿಸಿ ಗಾಳಿ ಕೊಡ್ತಿದೆ" ಅಂತಲೇ. ಬಿಸಿ ಜಾಸ್ತಿಯಾಗಿ ಎಂಜಿನ್ ಒಳಗಿನ ಹೆಡ್ ಗ್ಯಾಸ್ಕೆಟ್ ಅನ್ನುವ ಸೀಲ್ ಹೋದರೆ ಬರುವ ಬಿಲ್ ಮುಂದೆ ಎಸಿ ಬಿಲ್ ಏನೂ ಅಲ್ಲ.

ಫ್ಯಾನ್ ಚೆನ್ನಾಗಿಯೇ ಇದೆ ಅಂದುಕೊಳ್ಳೋಣ. ಈಗ ಗ್ರಿಲ್ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಕಂಡೆನ್ಸರ್ ನೋಡಿ. ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳು ಸಾಲಾಗಿ ಮಡಿಕೆ ಮಡಿಕೆಯಾಗಿ ಕಾಣಬೇಕು, ಸಂದಿಯಿಂದ ಬೆಳಕು ಹಾಯಬೇಕು. ನೀವು ದಿನಾ ಸಿಮೆಂಟ್ ಕಾರ್ಖಾನೆ ಇರುವ ಮಳಖೇಡ ಹಾದು ಹೋಗುವವರು. ಸಿಮೆಂಟ್ ಲಾರಿಗಳ ಹಿಂದೆ ಓಡುವ ಕಾರುಗಳ ಕಂಡೆನ್ಸರ್ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಬೂದು ಬಣ್ಣದ ದೂಳು, ಅದರ ಮೇಲೆ ಸತ್ತ ಹುಳುಗಳ ರೆಕ್ಕೆ, ಒಂದು ಮಳೆ ಬಿದ್ದು ಅದೆಲ್ಲ ಕಲಸಿ, ಬಿಸಿಗೆ ಒಣಗಿ ಗಟ್ಟಿಯಾದ ಪದರ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದರೊಳಗಿಂದ ಗಾಳಿ ಎಲ್ಲಿ ಹಾಯಬೇಕು?

ಮುಂದಿನಿಂದ ಸ್ವಚ್ಛವಾಗಿ ಕಂಡರೂ ನಂಬಬೇಡಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಬೆರಳಗಲದ ಸಂದಿ ಇರುತ್ತದೆ. ನಿಜವಾದ ಕಸ ಸೇರಿಕೊಳ್ಳುವುದು ಅಲ್ಲಿ. ಅದನ್ನು ತೆಗೆಯಲು ಬೋಲ್ಟ್ ಬಿಚ್ಚಿ ಸ್ವಲ್ಪ ವಾಲಿಸಬೇಕಾಗುತ್ತದೆ. ಈ ಕೆಲಸ ಗ್ಯಾರೇಜ್‌ನವರದು. ನೀವು ಮನೆಯಲ್ಲಿ ಮಾಡುವುದಾದರೆ ಎಂಜಿನ್ ತಣ್ಣಗಾದ ಮೇಲೆ ಸಾದಾ ಪೈಪಿನಿಂದ ನೀರು ಬಿಡಿ, ಹಳೆಯ ಮೆತ್ತನೆ ಬ್ರಶ್‌ನಿಂದ ಪಟ್ಟಿಗಳ ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ಬೇಡ. ವಾಟರ್ ವಾಶ್ ಹುಡುಗರ ಪ್ರೆಶರ್ ಗನ್ ಮಾತ್ರ ಹತ್ತಿರಕ್ಕೆ ಬಿಡಬೇಡಿ. ಒಂದೇ ಏಟಿಗೆ ಪಟ್ಟಿಗಳು ಮಲಗಿಬಿಡುತ್ತವೆ. ಮಲಗಿದ ಪಟ್ಟಿಯೂ ಕೊಳೆಯಷ್ಟೇ ಗಾಳಿ ತಡೆಯುತ್ತದೆ.

ಫ್ಯಾನ್, ಕಂಡೆನ್ಸರ್ ಕಡೆಯೇ ದೋಷ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಲು ಹಳೆಯ ಮೆಕ್ಯಾನಿಕ್‌ಗಳ ಒಂದು ಉಪಾಯ ಇದೆ. ಕಾರು ನಿಂತಲ್ಲೇ ಇರಲಿ, ಎಸಿ ಬಿಸಿ ಗಾಳಿ ಕೊಡುತ್ತಿರಲಿ. ಒಬ್ಬರು ಒಳಗೆ ಕೂತು ಎಸಿ ಕಿಂಡಿಗೆ ಕೈ ಹಿಡಿಯಲಿ. ಇನ್ನೊಬ್ಬರು ಮುಂದೆ ನಿಂತು ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಮಗ್‌ನಿಂದ ನಿಧಾನಕ್ಕೆ ನೀರು ಹೊಯ್ಯಲಿ. ವೈರ್, ಕನೆಕ್ಟರ್ ಇರುವ ಕಡೆ ಬೇಡ. ಒಂದು ನಿಮಿಷದೊಳಗೆ ಕಿಂಡಿಯ ಗಾಳಿ ಎದ್ದು ಕಾಣುವಷ್ಟು ತಣ್ಣಗಾದರೆ ಕಂಪ್ರೆಸರ್ ಒತ್ತುತ್ತಿದೆ, ಗ್ಯಾಸ್ ಇದೆ, ಕೂಲಿಂಗ್ ಕಾಯಿಲ್ ಕೆಲಸ ಮಾಡುತ್ತಿದೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲ, ಅಷ್ಟೇ. ನೀರು ಹೊಯ್ದರೂ ಏನೂ ಫರಕು ಕಾಣದಿದ್ದರೆ ದೋಷ ಬೇರೆ ಕಡೆ ಇದೆ.

ಇಲ್ಲಿ ಒಂದು ಗೊಂದಲಕ್ಕೆ ಜಾಗ ಇದೆ. ನಿಮ್ಮ ಗ್ಯಾರೇಜ್‌ನವರು ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದಾರೆ ಅಂತ ನಾನು ಹೇಳಲಾರೆ. ಯಾಕೆಂದರೆ ಕಂಪ್ರೆಸರ್ ನಿಜವಾಗಿ ಸವೆದಿದ್ದರೂ ಇದೇ ಲಕ್ಷಣ ಕಾಣುತ್ತದೆ. ನಿಂತಾಗ ಎಂಜಿನ್ ನಿಧಾನಕ್ಕೆ ತಿರುಗುತ್ತದೆ, ಬೆಲ್ಟ್ ಮೂಲಕ ಕಂಪ್ರೆಸರ್ ಕೂಡ ನಿಧಾನ. ಸವೆದ ಕಂಪ್ರೆಸರ್‌ಗೆ ಆ ವೇಗದಲ್ಲಿ ಒತ್ತಲು ಆಗುವುದಿಲ್ಲ. ರಸ್ತೆಗೆ ಬಂದರೆ ಎಂಜಿನ್ ವೇಗವಾಗುತ್ತದೆ, ಅದೂ ಹೇಗೋ ಒತ್ತುತ್ತದೆ. ಎರಡನ್ನೂ ಬೇರೆ ಮಾಡುವುದು ಸುಲಭ. ಕಾರು ನಿಂತಲ್ಲೇ ಇರಲಿ, ನ್ಯೂಟ್ರಲ್‌ನಲ್ಲೇ ಇರಲಿ, ಆಕ್ಸಿಲರೇಟರ್ ಒತ್ತಿ ಆರ್‌ಪಿಎಂ 2000ದ ಹತ್ತಿರ ಒಂದೆರಡು ನಿಮಿಷ ಹಿಡಿಯಿರಿ. ಗಾಳಿ ಹಂತ ಹಂತವಾಗಿ ತಣ್ಣಗಾದರೆ ಕಂಪ್ರೆಸರ್ ಮೇಲೆ ಅಥವಾ ಗ್ಯಾಸ್ ಕಡಿಮೆ ಇರುವುದರ ಮೇಲೆ ಅನುಮಾನ. ಏನೂ ಸುಧಾರಿಸದೆ, ಇಲ್ಲವೇ ಮೊದಲಿಗಿಂತ ಬಿಸಿಯಾದರೆ ಕಂಪ್ರೆಸರ್ ಒತ್ತುತ್ತಿದೆ, ಒತ್ತಿದ ಬಿಸಿ ಹೊರಗೆ ಹೋಗುತ್ತಿಲ್ಲ. ಈ ಪರೀಕ್ಷೆ ನಡೆಯುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ.

ಇದಿಷ್ಟು ನಿಮ್ಮ ಕೈಯಲ್ಲಿ ಆಗುವುದು. ಇನ್ನು ಮುಂದಿನದಕ್ಕೆ ಗೇಜ್ ಬೇಕು.

ಎಸಿ ಮೆಕ್ಯಾನಿಕ್ ಹತ್ತಿರ ನೀಲಿ, ಕೆಂಪು ಎರಡು ಮೀಟರ್ ಇರುವ ಮ್ಯಾನಿಫೋಲ್ಡ್ ಗೇಜ್ ಇರುತ್ತದೆ. ನೀಲಿ ಲೋ ಸೈಡ್‌ಗೆ, ಅಂದರೆ ಗ್ಯಾಸ್ ಕಂಪ್ರೆಸರ್‌ಗೆ ವಾಪಸ್ ಬರುವ ಕಡೆಗೆ. ಕೆಂಪು ಹೈ ಸೈಡ್‌ಗೆ, ಅಂದರೆ ಒತ್ತಿದ ಗ್ಯಾಸ್ ಹೊರಡುವ ಕಡೆಗೆ. ಎಂಜಿನ್ ಆಫ್ ಇರುವಾಗ ಎರಡೂ ಒಂದೇ ಒತ್ತಡ ತೋರಿಸುತ್ತವೆ. 35 ಡಿಗ್ರಿಯಲ್ಲಿ ಸುಮಾರು 115 ಪಿಎಸ್‌ಐ. ಇದನ್ನು ನೋಡಿ "ಗ್ಯಾಸ್ ಫುಲ್ ಇದೆ" ಅನ್ನುವವರನ್ನು ನಂಬಬೇಡಿ. ಒಳಗೆ ಒಂದಿಷ್ಟು ಗ್ಯಾಸ್ ದ್ರವವಾಗಿ ಉಳಿದಿದ್ದರೆ ಸಾಕು, 200 ಗ್ರಾಂ ಇದ್ದರೂ 400 ಗ್ರಾಂ ಇದ್ದರೂ ಆಫ್ ಆಗಿರುವಾಗ ಮುಳ್ಳು ಅಲ್ಲೇ ನಿಲ್ಲುತ್ತದೆ. ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ ನೋಡಬೇಕು. 40 ಡಿಗ್ರಿ ಬಿಸಿಲಲ್ಲಿ ಎಲ್ಲ ಸರಿ ಇರುವ ಕಾರು ಲೋ ಸೈಡ್‌ನಲ್ಲಿ ಹೆಚ್ಚುಕಡಿಮೆ 30ರಿಂದ 50, ಹೈ ಸೈಡ್‌ನಲ್ಲಿ 250ರಿಂದ 300 ಪಿಎಸ್‌ಐ ತೋರಿಸುತ್ತದೆ. ಕಾರಿನಿಂದ ಕಾರಿಗೆ ಒಂದಿಷ್ಟು ಆಚೀಚೆ.

ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಫ್ಯಾನ್, ಕೊಳೆ ಕಂಡೆನ್ಸರ್, ಜಾಸ್ತಿ ತುಂಬಿದ ಗ್ಯಾಸ್, ಇಲ್ಲವೇ ಗ್ಯಾಸ್ ಜೊತೆ ಸೇರಿಕೊಂಡ ಗಾಳಿ. ಲೋ ಸೈಡ್ ತೀರಾ ಕೆಳಗೆ ಜಗ್ಗಿದ್ದರೆ ಎಕ್ಸ್‌ಪಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ಬಾಯಿ) ಹತ್ತಿರ ಎಲ್ಲೋ ಕಟ್ಟಿಕೊಂಡಿದೆ. ಲೋ ಸೈಡ್ ಏರಿ, ಹೈ ಸೈಡ್ ಇಳಿದು, ಎರಡೂ ಹತ್ತಿರ ಹತ್ತಿರ ಬಂದಿದ್ದರೆ ಆಗ ಮಾತ್ರ ಕಂಪ್ರೆಸರ್ ವೀಕ್ ಅನ್ನುವ ಮಾತಿಗೆ ಬೆಲೆ. ನಿಮ್ಮ ಗ್ಯಾರೇಜ್‌ನವರಿಗೆ ಒಂದೇ ಪ್ರಶ್ನೆ ಕೇಳಿ: "ಕಾರು ನಿಂತು ಬಿಸಿ ಗಾಳಿ ಬರುವಾಗ ಎರಡೂ ಮೀಟರ್ ಎಷ್ಟಿತ್ತು?" ಉತ್ತರ ಬಾರದಿದ್ದರೆ ಕಂಪ್ರೆಸರ್ ಮಾತು ಊಹೆ ಅಂತ ತಿಳಿಯಿರಿ.

ಈಗ ಗ್ಯಾಸ್ ವಿಷಯಕ್ಕೆ ಬರೋಣ. ನನಗೆ ಸಿಟ್ಟು ಬರುವುದು ಇಲ್ಲೇ.

ಎಸಿ ಗ್ಯಾಸ್ ಪೆಟ್ರೋಲ್ ಹಾಗೆ ಖರ್ಚಾಗುವುದಿಲ್ಲ. ಒಳಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಕ್ಕೆ ಚೂರು ಚೂರು ಸೋರುವುದು ಸಹಜ. ಹಾಗೆ ಸೋರಿ ತಂಪು ಕಡಿಮೆಯಾಗಲು ಎಷ್ಟೋ ವರ್ಷ ಬೇಕು. ಏಪ್ರಿಲ್‌ನಲ್ಲಿ ತುಂಬಿಸಿದ್ದು ಮಾರ್ಚ್‌ಗೆ ಖಾಲಿ ಅಂದರೆ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ತುಂಬುವುದು, ಪಂಕ್ಚರ್ ಹಾಕದೆ ಟೈರಿಗೆ ಗಾಳಿ ಹೊಡೆದ ಹಾಗೆ. "ಬೇಸಿಗೆ ಬಂತು, ಗ್ಯಾಸ್ ಟಾಪ್ ಅಪ್ ಮಾಡಿಸಿಕೊಳ್ಳಿ" ಅನ್ನುವ ಸಲಹೆಗೆ ಯಾವ ಅರ್ಥವೂ ಇಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ಮಾರ್ಚ್‌ನಲ್ಲಿ ಗ್ಯಾಸ್ ನಿಜವಾಗಿ ಕಡಿಮೆ ಇತ್ತಾ? ಫ್ಯಾನ್ ದೋಷವನ್ನು ಗ್ಯಾಸ್ ದೋಷ ಅಂದುಕೊಂಡು, ಸರಿಯಾಗಿದ್ದ ಗ್ಯಾಸ್ ಮೇಲೆ ಇನ್ನಷ್ಟು ತುಂಬಿದ್ದರೆ ಈಗ ಒಳಗೆ ಜಾಸ್ತಿಯಾಗಿದೆ. ಜಾಸ್ತಿ ಗ್ಯಾಸ್ ಅಂದರೆ ಜಾಸ್ತಿ ತಂಪು ಅಲ್ಲ. ಕಂಡೆನ್ಸರ್ ಒಳಗೆ ದ್ರವ ತುಂಬಿ ನಿಂತು, ಬಿಸಿ ಬಿಡುವ ಜಾಗವೇ ಕಡಿಮೆಯಾಗುತ್ತದೆ. ಒತ್ತಡ ಏರುತ್ತದೆ. ಹೈ ಸೈಡ್ 400 ಪಿಎಸ್‌ಐ ಆಸುಪಾಸು ದಾಟಿದರೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನೇ ಕಡಿದು ಹಾಕುತ್ತದೆ. ಅದೂ ಯಾವಾಗ? ಬಿಸಿಲಲ್ಲಿ, ಕಾರು ನಿಂತಾಗ. ನಿಮ್ಮ ದೂರಿಗೆ ಇದೂ ಹೊಂದುತ್ತದೆ. ಎರಡನೇ ಸಲ ತುಂಬಿಸಿದ ಮೇಲೆ ನಿಂತಾಗಿನ ಬಿಸಿ ಮೊದಲಿಗಿಂತ ಜೋರಾಯಿತಾ ಅಂತ ನೆನಪು ಮಾಡಿಕೊಳ್ಳಿ.

ಇದನ್ನು ತೀರ್ಮಾನ ಮಾಡಲು ತಕ್ಕಡಿ ಒಂದೇ ದಾರಿ. ನಿಮ್ಮ ಕಾರಿನ ಬಾನೆಟ್ ಕೆಳಗೆ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅದರಲ್ಲೇ ಬರೆದಿದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 350ರಿಂದ 500 ಗ್ರಾಂ, ಗ್ಯಾಸ್ ಆರ್-134ಎ. ಇದು ಸಣ್ಣ ಅಳತೆ. 50 ಗ್ರಾಂ ಹೆಚ್ಚುಕಡಿಮೆಯಾದರೂ ಫರಕು ಬೀಳುತ್ತದೆ. ಪೈಪ್ ಮುಟ್ಟಿ ನೋಡಿ, "ತಣ್ಣಗಾಯ್ತು, ಸಾಕು" ಅಂತ ಅಂದಾಜಿನಲ್ಲಿ ತುಂಬುವ ಕಾಲ ಹೋಯಿತು. ರಿಕವರಿ ಮಷಿನ್ ಇರುವ ಕಡೆ ಹೋಗಿ. ಅದು ಒಳಗಿರುವ ಗ್ಯಾಸ್ ಪೂರ್ತಿ ಹೊರಗೆಳೆದು ತೂಕ ತೋರಿಸುತ್ತದೆ. "ಎಷ್ಟು ಗ್ರಾಂ ಹೊರಬಂತು?" ಅಂತ ಕೇಳಿ, ಪರದೆಯ ಫೋಟೋ ತೆಗೆದುಕೊಳ್ಳಿ. ಸ್ಟಿಕ್ಕರ್ 400 ಅನ್ನುತ್ತಿದೆ, ಹೊರಬಂದದ್ದು 390 ಆದರೆ ಗ್ಯಾಸ್ ದೋಷ ಅಲ್ಲವೇ ಅಲ್ಲ. 550 ಬಂದರೆ ಮಾರ್ಚ್‌ನಲ್ಲಿ ಏನಾಯಿತು ಅಂತ ಗೊತ್ತಾಯಿತು. 150 ಬಂದರೆ ಲೀಕ್ ಹುಡುಕುವ ಕೆಲಸ ಶುರು.

ಲೀಕ್ ಆಗುವ ಜಾಗ ಎಣ್ಣೆ ಕಲೆಯಿಂದ ಗುರುತು ಸಿಗುತ್ತದೆ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಜಿನುಗಿ, ಅದಕ್ಕೆ ದೂಳು ಅಂಟಿ, ಜಿಡ್ಡಾದ ಕಪ್ಪು ಮಚ್ಚೆಯಾಗುತ್ತದೆ. ಪೈಪ್ ಜೋಡಣೆಗಳು, ಕಂಡೆನ್ಸರ್‌ಗೆ ಕಲ್ಲು ಬಡಿದ ಜಾಗ, ಕಂಪ್ರೆಸರ್ ಮುಂಭಾಗದ ಪುಲ್ಲಿ ಹಿಂದೆ, ಗ್ಯಾಸ್ ತುಂಬುವ ವಾಲ್ವ್. ಈ ವಾಲ್ವ್ ಕಾರು, ಬೈಕ್ ಟೈರಿನ ವಾಲ್ವ್ ಜಾತಿಯದೇ. ಗ್ಯಾಸ್ ತುಂಬಿಸಿಕೊಂಡ ಕಾರು ಅಲ್ಲಿಂದಲೇ ಸೋರುವುದುಂಟು, ಮುಚ್ಚಳ ಕಳೆದುಹೋಗಿದ್ದರಂತೂ ಇನ್ನೂ ಜಾಸ್ತಿ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಒಂದು ಓ ರಿಂಗ್ ಅನ್ನುವ ರಬ್ಬರ್ ಬಳೆ, ಒಂದು ವಾಲ್ವ್ ಪಿನ್, ಚಿಲ್ಲರೆ ಕಾಸಿನ ಸಾಮಾನು. ಅದಕ್ಕಾಗಿ ವರ್ಷ ವರ್ಷ ಗ್ಯಾಸ್ ತುಂಬಿಸಿಕೊಳ್ಳುವವರಿದ್ದಾರೆ.

ಕಣ್ಣಿಗೆ ಸಿಗದಿದ್ದರೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದಾ ನೋಡುತ್ತಾರೆ, ಇಲ್ಲವೇ ಯುವಿ ಬೆಳಕಿಗೆ ಹೊಳೆಯುವ ಬಣ್ಣ (ಯುವಿ ಡೈ) ಹಾಕಿ ಕೆಲವು ದಿನ ಓಡಿಸಿ, ಆಮೇಲೆ ವಿಶೇಷ ಲೈಟ್ ಬಿಟ್ಟು ಹುಡುಕುತ್ತಾರೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಮಾತ್ರ ತಲೆನೋವು. ಎಷ್ಟೋ ಕಾರುಗಳಲ್ಲಿ ಪೂರ್ತಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅದನ್ನು ಬಿಚ್ಚಿ ಜೋಡಿಸಲು ಕೈ ಪಳಗಿದವರೇ ಬೇಕು. ಇಲ್ಲದಿದ್ದರೆ ಆಮೇಲೆ ಪ್ರತಿ ಹಂಪ್‌ಗೂ ಡ್ಯಾಶ್‌ಬೋರ್ಡ್ ಕಿರಗುಡುತ್ತದೆ.

ಲೀಕ್ ಮುಚ್ಚಿದ ಮೇಲೆ ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಮಾಡಲೇಬೇಕು, ಕಡಿಮೆಯೆಂದರೂ ಅರ್ಧ ಗಂಟೆ. ಒಳಗೆ ಸೇರಿದ ಗಾಳಿ, ತೇವ ಹೊರಗೆ ಹೋಗಬೇಕಲ್ಲ. ತೇವ ಉಳಿದರೆ ಎಕ್ಸ್‌ಪಾನ್ಷನ್ ವಾಲ್ವ್ ಬಾಯಲ್ಲಿ ಮಂಜುಗಡ್ಡೆ ಕಟ್ಟಿ ದಾರಿ ಬಂದ್ ಮಾಡುತ್ತದೆ. ವ್ಯಾಕ್ಯೂಮ್ ಪಂಪ್ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಮುಳ್ಳು ಅಲ್ಲಾಡದೆ ನಿಂತಿರಬೇಕು. "ಐದು ನಿಮಿಷ ಕೂತ್ಕೊಳ್ಳಿ ಸಾರ್, ಮುಗೀತು" ಅಂದರೆ ಅಲ್ಲಿಂದ ಎದ್ದು ಬನ್ನಿ.

ಅರ್ಧ ರೇಟಿಗೆ ಗ್ಯಾಸ್ ತುಂಬಿಕೊಡುತ್ತೇವೆ ಅನ್ನುವವರ ಹತ್ತಿರ ಸಿಲಿಂಡರ್ ಮೇಲೆ ಏನು ಬರೆದಿದೆ ನೋಡಿ. ಆರ್-134ಎ ಹತ್ತಿ ಉರಿಯುವ ಗ್ಯಾಸ್ ಅಲ್ಲ. ಅದರ ಬದಲು ಅಡುಗೆ ಗ್ಯಾಸ್ ಜಾತಿಯದನ್ನು ತುಂಬಿದರೆ ತಂಪು ಚೆನ್ನಾಗಿಯೇ ಬರುತ್ತದೆ, ತೊಂದರೆ ಅದಲ್ಲ. ಕೂಲಿಂಗ್ ಕಾಯಿಲ್ ಲೀಕ್ ಆದರೆ ಆ ಗ್ಯಾಸ್ ಬರುವುದು ನೀವು ಕೂತಿರುವ ಕ್ಯಾಬಿನ್ ಒಳಗೇ. ಡಬ್ಬಿಯಲ್ಲಿ ಸಿಗುವ ಲೀಕ್ ಸೀಲರ್ ಕೂಡ ಬೇಡ. ಅದು ತೂತು ಮುಚ್ಚುವ ಬದಲು ವಾಲ್ವನ್ನೂ, ಮೆಕ್ಯಾನಿಕ್‌ನ ಮಷಿನನ್ನೂ ಕಟ್ಟಿಹಾಕುತ್ತದೆ.

ಎಲ್ಲ ನೋಡಿದ ಮೇಲೂ ಕಂಪ್ರೆಸರ್ ಹೋಗಿದೆ ಅಂತಲೇ ಖಾತ್ರಿಯಾದರೆ ಬದಲಿಸಿ, ಆದರೆ ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಆಗಲಿಲ್ಲ. ಹಳೆಯದರಿಂದ ಎಣ್ಣೆ ಸುರಿಸಿ ತೋರಿಸಲು ಹೇಳಿ. ಎಣ್ಣೆ ತಿಳಿಯಾಗಿದ್ದರೆ ಸರಿ. ಕಪ್ಪಾಗಿ, ಬಿಸಿಲಿಗೆ ಹಿಡಿದರೆ ಬೆಳ್ಳಿ ಪುಡಿಯ ಹಾಗೆ ಮಿನುಗಿದರೆ ಕಂಪ್ರೆಸರ್ ಒಳಗೇ ಸವೆದು ಲೋಹದ ಪುಡಿ ಎಲ್ಲ ಕಡೆ ಹರಡಿದೆ. ಈಗಿನ ಕಂಡೆನ್ಸರ್‌ಗಳ ಸಣ್ಣ ಸಣ್ಣ ನಾಳಗಳಿಂದ ಅದನ್ನು ತೊಳೆದು ತೆಗೆಯುವುದು ಆಗದ ಮಾತು. ಆಗ ಕಂಡೆನ್ಸರ್, ತೇವ ಹೀರುವ ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಜೊತೆಗೇ ಹೋಗಬೇಕು. ಇಲ್ಲದಿದ್ದರೆ ಆ ಪುಡಿ ಹೊಸ ಕಂಪ್ರೆಸರನ್ನೂ ತಿನ್ನುತ್ತದೆ. 24 ಸಾವಿರದಲ್ಲಿ ಇವೆಲ್ಲ ಸೇರಿವೆಯಾ ಅಂತ ಬರೆಸಿಕೊಳ್ಳಿ. ಕೆಲವು ಸಲ ಕಂಪ್ರೆಸರ್ ಚೆನ್ನಾಗಿದ್ದು ಅದರ ಮುಂದಿನ ಕ್ಲಚ್ (ತಿರುಗುವ ಪುಲ್ಲಿಗೆ ಕಂಪ್ರೆಸರನ್ನು ಜೋಡಿಸಿ ಬಿಡಿಸುವ ಭಾಗ) ಮಾತ್ರ ಹೋಗಿರುತ್ತದೆ. ಕ್ಲಚ್ ಬೇರೆಯಾಗಿಯೇ ಸಿಗುತ್ತದೆ, ಖರ್ಚೂ ಕಡಿಮೆ.

ಕ್ಲಚ್ ಲಕ್ಷಣ ಬೇರೆ. ಬೆಳಗ್ಗೆ ಚೆನ್ನಾಗಿ ತಂಪು, ಮುಕ್ಕಾಲು ಗಂಟೆ ಓಡಿಸಿದ ಮೇಲೆ ಇದ್ದಕ್ಕಿದ್ದಂತೆ ಬಿಸಿ ಗಾಳಿ, ಸ್ವಲ್ಪ ಹೊತ್ತು ನಿಲ್ಲಿಸಿ ಹೊರಟರೆ ಮತ್ತೆ ತಂಪು. ಕ್ಲಚ್ ಸವೆದು ಅದರ ಸಂದಿ ಅಗಲವಾಗಿರುತ್ತದೆ. ಬಿಸಿಯಾದ ಕ್ಲಚ್‌ನ ಕರೆಂಟ್ ಕಾಯಿಲ್‌ಗೆ ಪ್ಲೇಟನ್ನು ಎಳೆದುಕೊಳ್ಳುವ ಶಕ್ತಿ ಸಾಲದು. ಎಸಿ ಬಟನ್ ಒತ್ತಿದಾಗ ಬರುವ ಟಕ್ ಸದ್ದು ಆಗ ಕೇಳಿಸುವುದಿಲ್ಲ. ಆದರೆ ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರುವ ಕಾರುಗಳೂ ಇವೆ, ಅವುಗಳಲ್ಲಿ ಟಕ್ ಅನ್ನುವುದನ್ನು ಕಾಯುತ್ತಾ ಕೂರಬೇಡಿ.

ಗಾಳಿಯೇ ಕಡಿಮೆಯಾಗುತ್ತಾ ಬಂದು, ಆಮೇಲೆ ತಂಪು ಹೋದರೆ ಕೂಲಿಂಗ್ ಕಾಯಿಲ್ ಮೇಲೆ ಹಿಮ ಕಟ್ಟಿದೆ. ಹತ್ತು ಹದಿನೈದು ನಿಮಿಷ ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿದರೆ ಕಾರಿನ ಕೆಳಗೆ ದಬದಬ ನೀರು ಸುರಿಯುತ್ತದೆ. ಕ್ಯಾಬಿನ್ ಫಿಲ್ಟರ್, ಕಾಯಿಲ್ ಹತ್ತಿರದ ಸೆನ್ಸರ್, ಕಡಿಮೆ ಗ್ಯಾಸ್, ಈ ಕ್ರಮದಲ್ಲಿ ನೋಡಿ. ನಿಮ್ಮ ದೂಳಿಗೆ ಕ್ಯಾಬಿನ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಬೇಕಾಗುತ್ತದೆ. ಅಂದಹಾಗೆ, ನಿಮ್ಮ ಕಡೆಯ ಒಣ ಹವೆಯಲ್ಲಿ ಕಾರಿನ ಕೆಳಗೆ ನೀರು ಕಡಿಮೆ ತೊಟ್ಟಿಕ್ಕುತ್ತದೆ. ಮಂಗಳೂರಿನಲ್ಲಿ ಅದೇ ಕಾರು ಹಳ್ಳ ಮಾಡುತ್ತದೆ. ನೀರು ಬೀಳುತ್ತಿಲ್ಲ ಅಂತ ಎಸಿ ಕೆಟ್ಟಿದೆ ಅಂದುಕೊಳ್ಳುವುದು ಬೇಡ. ಆದರೆ ನೀರು ಕಾಲ ಕೆಳಗಿನ ಮ್ಯಾಟ್ ಮೇಲೆ ಬಂದರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ.

ಒಂದು ಕಡೆಯ ಕಿಂಡಿ ತಂಪು, ಇನ್ನೊಂದು ಕಡೆ ಬಿಸಿ, ಡ್ಯಾಶ್‌ಬೋರ್ಡ್ ಒಳಗೆ ಟಿಕ್ ಟಿಕ್ ಸದ್ದು ಅಂದರೆ ಗ್ಯಾಸ್ ತಂಟೆಗೇ ಹೋಗಬೇಡಿ. ಬಿಸಿ ಗಾಳಿ, ತಂಪು ಗಾಳಿ ಬೆರೆಸುವ ಬಾಗಿಲನ್ನು ತಿರುಗಿಸುವ ಸಣ್ಣ ಮೋಟರ್ ಹಲ್ಲು ಕಳೆದುಕೊಂಡಿರುತ್ತದೆ.

ಬಿಸಿಲಲ್ಲಿ ನಿಲ್ಲಿಸಿದ ಕಾರು ಹತ್ತಿದ ಮೊದಲ ಹತ್ತು ನಿಮಿಷದ ಬಿಸಿಯನ್ನು ದೋಷ ಅಂತ ಲೆಕ್ಕ ಹಿಡಿಯಬೇಡಿ. ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಕಾದಿರುತ್ತವೆ. ನಾಲ್ಕೂ ಕಿಟಕಿ ಇಳಿಸಿ ಒಂದಷ್ಟು ದೂರ ಓಡಿಸಿ, ಆಮೇಲೆ ಮುಚ್ಚಿ ರಿಸರ್ಕ್ಯುಲೇಷನ್ ಹಾಕಿ. ಅದಾದ ಮೇಲೂ ಅನುಮಾನ ಇದ್ದರೆ ನಡುವಿನ ಕಿಂಡಿಗೆ ಒಂದು ಡಿಜಿಟಲ್ ಥರ್ಮಾಮೀಟರ್ ಸಿಕ್ಕಿಸಿ. ಓಡುವಾಗ 6ರಿಂದ 12 ಡಿಗ್ರಿ ತೋರಿಸುತ್ತಿದ್ದರೆ ಎಸಿ ಚೆನ್ನಾಗಿದೆ. ನಿಂತಾಗ ನಾಲ್ಕಾರು ಡಿಗ್ರಿ ಏರಿದರೆ ಅದೂ ಸಹಜ. 25 ದಾಟಿದರೆ ಮೇಲೆ ಹೇಳಿದ್ದನ್ನೆಲ್ಲ ಮಾಡಿಸಿ.

ಚಳಿಗಾಲದ ಪ್ರಶ್ನೆಗೆ ಉತ್ತರ: ಹೌದು, ಅದರಿಂದಲೂ ಲೀಕ್ ಶುರುವಾಗಿರಬಹುದು. ಕಂಪ್ರೆಸರ್‌ನ ಶಾಫ್ಟ್ ಹೊರಗೆ ಬರುವ ಕಡೆ ಒಂದು ಸೀಲ್ ಇದೆ. ಒಳಗೆ ಸುತ್ತುವ ಎಣ್ಣೆ ತಾಗುತ್ತಿದ್ದರೆ ಅದು ಮೆತ್ತಗಿರುತ್ತದೆ. ತಿಂಗಳುಗಟ್ಟಲೆ ಎಸಿ ಹಾಕದೆ ಬಿಟ್ಟರೆ ಸೀಲ್ ಒಣಗಿ ಅಲ್ಲಿಂದ ಗ್ಯಾಸ್ ಜಿನುಗುತ್ತದೆ. ಏಪ್ರಿಲ್‌ನಲ್ಲಿ ತುಂಬಿಸಿದ್ದು ಮಾರ್ಚ್‌ಗೆ ಇಲ್ಲ ಅನ್ನುವ ನಿಮ್ಮ ಲೆಕ್ಕಕ್ಕೂ ಇದು ಕೂಡುತ್ತದೆ. ಹಾಗಾಗಿ ಲೀಕ್ ಹುಡುಕುವವರಿಗೆ ಪುಲ್ಲಿ ಹಿಂದಿನ ಭಾಗವನ್ನು ಮೊದಲು ನೋಡಲು ಹೇಳಿ. ಅಲ್ಲಿ ಎಣ್ಣೆ ಜಿಡ್ಡು ಕಂಡರೆ ಸೀಲ್ ಮಾತ್ರ ಬದಲಿಸಲು ಬರುತ್ತದಾ ಕೇಳಿ, ಕೆಲವು ಮಾದರಿಗಳಿಗೆ ಸೀಲ್ ಕಿಟ್ ಸಿಗುತ್ತದೆ. ಮುಂದಿನ ನವೆಂಬರ್‌ನಿಂದ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ. ಚಳಿ ಅನ್ನಿಸಿದರೆ ಹೀಟರ್ ಕಡೆ ನಾಬ್ ತಿರುಗಿಸಿ, ಎಸಿ ಬಟನ್ ಮಾತ್ರ ಆನ್ ಇರಲಿ. ಬಿಸಿ ಗಾಳಿ ಬಂದರೂ ಕಂಪ್ರೆಸರ್ ತಿರುಗುತ್ತಿರುತ್ತದೆ, ಎಣ್ಣೆ ಸೀಲ್‌ಗೆ ತಲುಪುತ್ತದೆ.